ಹಳೇ ಸಿಸ್ಟಂ, ಹೊಸ ಕಾರ್ಡ್, ಅದೇ ಲ್ಯಾಗ್

ಗೇಮ್ ಆಡುವ ಹುಡುಗರ ಮಧ್ಯೆ ಸ್ವಲ್ಪ ಹೊತ್ತು ಕೂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಲ್ಯಾಗ್ ಹೊಡೀತಿದೆ, ಕಾರ್ಡ್ ಚೇಂಜ್ ಮಾಡ್ಬೇಕು." ಲ್ಯಾಗ್, ಅಂದರೆ ಆಟ ನಡುನಡುವೆ ತಡೆದು ನಿಲ್ಲುವುದು, ಯಾಕೆ ಬಂತು ಅಂತ ಕೇಳುವವರು ಕಮ್ಮಿ. ಕಂಪ್ಯೂಟರ್ ಕ್ಯಾಬಿನೆಟ್ ಒಳಗೆ ಎಲ್ಲಕ್ಕಿಂತ ದುಬಾರಿ ವಸ್ತು, ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್. ಹಾಗಾಗಿ ತಪ್ಪೂ ಅದರದ್ದೇ, ಪರಿಹಾರವೂ ಅದೇ ಅನ್ನುವ ಲೆಕ್ಕ. ನನ್ನನ್ನು ಕೊರೆಯುವುದು ಆಮೇಲಿನ ಕಥೆ. ಮನೆಯವರನ್ನು ಕಾಡಿ ಬೇಡಿ ಕಾರ್ಡ್ ತರುತ್ತಾರೆ. ಕೆಲವು ದಿನ ಖುಷಿಯೋ ಖುಷಿ. ಆಮೇಲೆ ಅದೇ ಹುಡುಗ ಅದೇ ಮುಖ ಹೊತ್ತು ಬರುತ್ತಾನೆ. ಚಿತ್ರ ಚೆಂದ ಆಗಿದೆ, ನಿಲ್ಲೋದು ಮಾತ್ರ ನಿಂತಿಲ್ಲ.

ಬಂಧುಗಳಲ್ಲಿ "ಕಂಪ್ಯೂಟರ್ ಗೊತ್ತಿರೋನು" ಅಂತ ಒಬ್ಬನಿರುತ್ತಾನಲ್ಲ, ನಮ್ಮ ಮನೆಯಲ್ಲಿ ಅವನು ನಾನು. ಪ್ರಿಂಟರ್ ಕೆಟ್ಟರೂ ನನಗೇ ಫೋನ್, ವಾಟ್ಸಾಪ್ ಹೋದರೂ ನನಗೇ ಫೋನ್. ಹೀಗಾಗಿ ಇಂಥ ದೂರುಗಳ ಹಿಂದೆ ಸಾಕಷ್ಟು ಓಡಾಡಿದ್ದೇನೆ. ಅಂಗಡಿಗೆ ಹೋಗುವುದಕ್ಕೆ ಮೊದಲು ಮನೆಯಲ್ಲಿ ಒಂದು ಸಂಜೆ ಕೂತು ನೋಡಿದರೆ ಅರ್ಧ ದುಡ್ಡು ಉಳಿಯುತ್ತದೆ ಅನ್ನುವುದು ನನ್ನ ವಾದ. ಆದರೆ ಕೂತು ನೋಡುವುದರಲ್ಲಿ ಮಜಾ ಇಲ್ಲ. ಹೊಸ ಡಬ್ಬ ಬಿಚ್ಚುವುದರಲ್ಲಿ ಇದೆ.

ಮೈಸೂರಿನ ಕ್ಯಾಬಿನೆಟ್

ಅಕ್ಕನ ಮಗನ ಸಿಸ್ಟಂ ಮೊದಲು ನನ್ನದೇ ಆಗಿತ್ತು. 2017ರಲ್ಲಿ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿದ್ದು. ಲೆಕ್ಕ ಮಾಡುವ ಇಂಟೆಲ್ ಐ5-7400 ಪ್ರೊಸೆಸರ್, ಎಲ್ಲವನ್ನೂ ಜೋಡಿಸುವ ಎಚ್110 ಬೋರ್ಡ್, ಕೆಲಸದ ಹೊತ್ತಿನ ಮಾಹಿತಿ ಇಡಲು 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಒಂದು ಟಿಬಿ ಹಾರ್ಡ್ ಡಿಸ್ಕ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಕಾರ್ಡ್. ಆ ಕಾಲಕ್ಕೆ ಮಧ್ಯಮ ವರ್ಗದ ಮನೆಗಳಲ್ಲಿ ಇದೇ ಜಾತಕ. 1050 ಟಿಐಗೆ ಬೇಡಿಕೆ ಸುಮ್ನೆ ಬಂದಿರಲಿಲ್ಲ. ಅದಕ್ಕೆ ಬೇಕಿದ್ದ 75 ವ್ಯಾಟ್ ಕರೆಂಟನ್ನು ಬೋರ್ಡಿನ ಸ್ಲಾಟಿನಿಂದಲೇ ಎಳೆದುಕೊಳ್ಳುತ್ತಿತ್ತು. ಬೇರೆ ಪವರ್ ಕೇಬಲ್ ಬೇಡ, ಕರೆಂಟ್ ಒದಗಿಸುವ ದೊಡ್ಡ ಎಸ್‌ಎಂಪಿಎಸ್ ಬೇಡ. ಆಫೀಸಿನ ಹಳೇ ಡಬ್ಬಕ್ಕೆ ಚುಚ್ಚಿದರೂ ಗೇಮ್ ಓಡುತ್ತಿತ್ತು.

ನಾನು ಮೈಸೂರಿಗೆ ಹೋದಾಗ ಹುಡುಗ ಆಗಲೇ ಕಾರ್ಡಿನ ಮಾಡೆಲ್ ನಂಬರ್ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ. "ಮಾಮ, ಇದೊಂದು ಕೊಡ್ಸಿಬಿಡಿ, ಇನ್ನೇನೂ ಕೇಳಲ್ಲ." ಅಕ್ಕ ಅಡುಗೆಮನೆಯಿಂದಲೇ "ಕೊಡ್ಸಿ ನೋಡು" ಅಂದಳು. ಅದು ಒಪ್ಪಿಗೆ ಅಲ್ಲ ಅಂತ ಆ ಧ್ವನಿ ಕೇಳಿದವರಿಗೆ ಗೊತ್ತು.

ಮೊದಲು ಆಡು, ನಾನು ನೋಡ್ತೀನಿ ಅಂದೆ. ಕೌಂಟರ್-ಸ್ಟ್ರೈಕ್ 2 ಹಚ್ಚಿದ. ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿ, ಪರದೆಯ ಮೂಲೆಯಲ್ಲಿ ಪ್ರೊಸೆಸರ್ ಎಷ್ಟು ಓಡುತ್ತಿದೆ, ಕಾರ್ಡ್ ಎಷ್ಟು ಓಡುತ್ತಿದೆ, ರ‍್ಯಾಮ್ ಎಷ್ಟು ತುಂಬಿದೆ ಅನ್ನುವ ಅಂಕಿಗಳು ಕಾಣುವ ಹಾಗೆ ಮಾಡಿದೆ. ಒಬ್ಬನೇ ಓಡಾಡುವಾಗ ಎಲ್ಲ ನುಣ್ಣಗಿತ್ತು. ನಾಲ್ಕೈದು ಜನ ಒಂದೇ ಕಡೆ ನುಗ್ಗಿ ಗುಂಡು ಹಾರಿಸಲು ಶುರುಮಾಡಿದ ಕೂಡಲೇ ಪರದೆ ಕಚ್ಚಿಕೊಂಡು ನಿಂತಿತು. "ನೋಡಿ, ನೋಡಿ, ಇದೇ!" ಅಂತ ಅವನು ಕೂಗಿದ. ಅವನು ನೋಡುತ್ತಿದ್ದದ್ದು ಸತ್ತು ಬಿದ್ದ ತನ್ನ ಆಟಗಾರನನ್ನು. ನಾನು ನೋಡಿದ್ದು ಮೂಲೆಯ ಅಂಕಿಗಳನ್ನು. ಪ್ರೊಸೆಸರ್ ನೂರಕ್ಕೆ ನೂರು. ಕಾರ್ಡ್ ಅರುವತ್ತರ ಆಸುಪಾಸು. ರ‍್ಯಾಮ್ ಬಾಯಿತನಕ ತುಂಬಿತ್ತು.

ಆಮೇಲೆ ಒಂದು ಹಳೇ ಪರೀಕ್ಷೆ ಮಾಡಿದೆ. ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸು ಅಂದೆ. ಚುಕ್ಕಿಗಳು ಅರ್ಧಕ್ಕಿಂತ ಕಮ್ಮಿ ಆಗುತ್ತವೆ, ಕಾರ್ಡಿನ ಕೆಲಸ ಧಾರಾಳವಾಗಿ ಹಗುರ ಆಗುತ್ತದೆ. ಕಾರ್ಡೇ ನಿಧಾನವಾಗಿದ್ದರೆ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ, ಜಿಗಿಯಬೇಕು. ಜಿಗಿಯಲಿಲ್ಲ. ಚಿತ್ರ ಮಸುಕಾಯಿತು, ಅದೇ ಜಾಗದಲ್ಲಿ ಅದೇ ಥರ ನಿಂತಿತು. ಹುಡುಗ ಚೀಟಿ ನೋಡಿದ, ಪರದೆ ನೋಡಿದ.

ಮದುವೆ ಊಟದ ಪಂಕ್ತಿಯಲ್ಲಿ ಅನ್ನದವನು ಬಂದು ಹೋಗಿರುತ್ತಾನೆ, ಸಾರಿನವನು ಇನ್ನೂ ಆ ತುದಿಯಲ್ಲಿರುತ್ತಾನೆ. ಅನ್ನದ ಬಕೆಟ್ ದೊಡ್ಡದು ಮಾಡಿದರೆ ಎಲೆ ಮುಂದೆ ಕೂತವನಿಗೆ ಏನು ಬಂತು? ಇಲ್ಲೂ ಅಷ್ಟೇ. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಗುಲಿತು, ಮುಂದಿನ ಚೌಕಟ್ಟಿನಲ್ಲಿ ಏನೇನು ಬಿಡಿಸಬೇಕು ಅನ್ನುವ ಲೆಕ್ಕವನ್ನು ಪ್ರೊಸೆಸರ್ ಮುಗಿಸಿ ಕೊಟ್ಟ ಮೇಲೆಯೇ ಕಾರ್ಡಿಗೆ ಕೆಲಸ. ಐ5-7400ರಲ್ಲಿ ನಾಲ್ಕು ಕೋರ್, ನಾಲ್ಕೇ ಥ್ರೆಡ್, ಅಂದರೆ ಒಂದೇ ಹೊತ್ತಿಗೆ ನಾಲ್ಕೇ ಕೆಲಸ. ಅದರ ಮೇಲೆ ಗೇಮು, ಹಿಂದೆ ಡಿಸ್ಕಾರ್ಡಿನಲ್ಲಿ ಗೆಳೆಯರಿಗೆ ಸ್ಕ್ರೀನ್ ಶೇರ್, ಅದರ ಹಿಂದೆ ಕ್ರೋಮ್. ಕಾರ್ಡ್ ಕೈಕಟ್ಟಿ ಕಾಯುತ್ತಿತ್ತು. (ಹೊಗೆ ಬಾಂಬ್ ಎದುರು ನಿಂತಾಗ ಮಾತ್ರ ಕಾರ್ಡೂ ನೂರು ಮುಟ್ಟಿತು. ಈ ಗೇಮಿನ ಹೊಗೆ ಕಾರ್ಡಿಗೆ ನಿಜಕ್ಕೂ ಭಾರ. ಸೆಟ್ಟಿಂಗ್ಸ್ ಇಳಿಸಿದರೆ ಅದು ಸರಿಹೋಗುತ್ತದೆ.)

ಸರಾಸರಿಯ ಆಟ

ಹುಡುಗನ ತಕರಾರು ಇನ್ನೊಂದಿತ್ತು. "60 ಎಫ್‌ಪಿಎಸ್ ತೋರಿಸ್ತಿದೆಯಲ್ಲ ಮಾಮ, ಮತ್ಯಾಕೆ ನಿಲ್ಲುತ್ತೆ?" ಒಳ್ಳೇ ಪ್ರಶ್ನೆ. ಒಂದು ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಪ್ರತಿ ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಈಗ 59 ಚಿತ್ರಗಳು ತಲಾ 15 ಮಿಲಿಸೆಕೆಂಡಿನಲ್ಲಿ ಬಂದವು ಅಂತಿಟ್ಟುಕೊಳ್ಳಿ. ಒಟ್ಟು 885. ಉಳಿದ ಒಂದೇ ಚಿತ್ರಕ್ಕೆ 115 ಮಿಲಿಸೆಕೆಂಡ್ ಹಿಡಿಯಿತು. ಸೆಕೆಂಡಿಗೆ 60 ಚಿತ್ರ ಬಂದೇ ಬಂತು, ಮೂಲೆಯ ಅಂಕಿ ಠೀವಿಯಿಂದ 60 ಅಂತಲೇ ತೋರಿಸುತ್ತದೆ. ಕಣ್ಣಿಗೆ ಮಾತ್ರ ಆ ಒಂದು ಚಿತ್ರ ಕಲ್ಲಿನ ಹಾಗೆ ತಗುಲುತ್ತದೆ.

ಈ ಮಾತನ್ನು ಪತ್ರಿಕೆಗಳವರೇ ಬಹಳ ಕಾಲ ಗಮನಿಸಿರಲಿಲ್ಲ. ಕಾರ್ಡುಗಳ ವಿಮರ್ಶೆ ಅಂದರೆ ಸರಾಸರಿ ಎಫ್‌ಪಿಎಸ್ ಪಟ್ಟಿ, ಮುಗೀತು. 2011ರಲ್ಲಿ ದಿ ಟೆಕ್ ರಿಪೋರ್ಟ್ ತಾಣದ ಸ್ಕಾಟ್ ವಾಸನ್ ಒಂದು ಸೆಕೆಂಡಿನ ಒಳಗೆ ಏನಾಗುತ್ತದೆ ಅಂತ ಇಣುಕಿ, ಪ್ರತಿ ಚಿತ್ರಕ್ಕೂ ಹಿಡಿದ ಸಮಯವನ್ನು ಅಳೆದು ಬರೆದರು. ಈಗ ಎಲ್ಲರೂ "ಒಂದು ಪರ್ಸೆಂಟ್ ಲೋ" ಅಂತ ಹೇಳುವುದರ ಹಿಂದೆ ಆ ಬದಲಾವಣೆ ಇದೆ. ಅತಿ ನಿಧಾನ ಬಂದ ಚಿತ್ರಗಳು ಎಷ್ಟು ನಿಧಾನ ಅನ್ನುವುದು ಆ ಅಂಕಿ. ಹಳೇ ಸಿಸ್ಟಂಗಳಲ್ಲಿ ನೋಡಬೇಕಾದದ್ದು ಅದನ್ನೇ. ಹೊಸ ಕಾರ್ಡ್ ಹಾಕಿದಾಗ ಸರಾಸರಿ ಏರುತ್ತದೆ, ಆ ಕೆಳಗಿನ ಅಂಕಿ ಇದ್ದಲ್ಲೇ ಇರುತ್ತದೆ. ಹುಡುಗರ ದೂರಿಗೆ ಇದೇ ಕಾರಣ.

ಆ ಒಂದು ಚಿತ್ರಕ್ಕೆ ಯಾಕಷ್ಟು ಹೊತ್ತು? ನಮ್ಮ ಮೈಸೂರಿನ ಡಬ್ಬದಲ್ಲಿ ಉತ್ತರ ಬಹುಪಾಲು ರ‍್ಯಾಮು ಮತ್ತು ಹಾರ್ಡ್ ಡಿಸ್ಕಿನಲ್ಲಿತ್ತು. 8 ಜಿಬಿ ತುಂಬಿದ ಮೇಲೆ ವಿಂಡೋಸ್ ಕೆಲವು ಸಾಮಾನನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ತಲೆ ಅಲ್ಲಿಗೆ ಸರಿಯಲು ಇನ್ನೂ ಹೆಚ್ಚು ಹೊತ್ತು. ಒಂದು ಚೂರು ಹುಡುಕುವುದರಲ್ಲೇ 16.7ರ ಬಹುಪಾಲು ಖಾಲಿ. ಅಂಥ ಹತ್ತು ಚೂರು ಬೇಕಾದರೆ? ಗೇಮ್ ನಿಲ್ಲುವುದು ಆಗಲೇ.

ರ‍್ಯಾಮ್ ಒಂದೇ ಸ್ಟಿಕ್ ಇದ್ದದ್ದು ಇನ್ನೊಂದು ಹೊಡೆತ. ಬೋರ್ಡಿನಲ್ಲಿ ಎರಡು ಸ್ಲಾಟ್, ಎರಡು ದಾರಿ. ಡಿಡಿಆರ್4-2400ರ ಒಂದು ಸ್ಟಿಕ್ ಸೆಕೆಂಡಿಗೆ 19.2 ಜಿಬಿ ಸಾಗಿಸಬಲ್ಲದು. ಎರಡಿದ್ದರೆ 38.4. ಅಂಗಡಿಯವರು 2017ರಲ್ಲಿ "ಮುಂದೆ ಇನ್ನೊಂದು ಹಾಕ್ಕೋಬಹುದು ಸಾರ್" ಅಂತ ಒಂದೇ ಸ್ಟಿಕ್ ಕೊಡುತ್ತಿದ್ದರು. ಆ ಮುಂದೆ ಎಷ್ಟೋ ಮನೆಗಳಲ್ಲಿ ಇನ್ನೂ ಬಂದಿಲ್ಲ.

ಪಕ್ಕದ ಬಾಗಿಲು ಬಿಚ್ಚಿದಾಗ ಪ್ರೊಸೆಸರ್ ಫ್ಯಾನಿನ ಕೆಳಗೆ ಧೂಳು ಕಂಬಳಿಯಷ್ಟು ದಪ್ಪ ಕೂತಿತ್ತು. ಪೇಂಟ್ ಬ್ರಷ್ ತಂದು ಒರೆಸಿ, ಒಣಗಿದ ಥರ್ಮಲ್ ಪೇಸ್ಟ್ ತೆಗೆದು ಹೊಸದು ಹಚ್ಚಿದೆವು. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಈ ಕೆಲಸಕ್ಕೆ ಖರ್ಚು ಇಲ್ಲವೇ ಇಲ್ಲ ಅನ್ನಬಹುದು, ಆದರೆ ಮಾಡುವವರಿಲ್ಲ. ಒಬ್ಬ ಗೆಳೆಯನ ಮನೆಯಲ್ಲಿ ಇನ್ನೂ ಸೋಜಿಗ ನೋಡಿದ್ದೇನೆ. ಕಾರ್ಡ್ ಹೊಸದು, ಮಾನಿಟರಿನ ಕೇಬಲ್ ಮಾತ್ರ ಬೋರ್ಡಿನ ಎಚ್‌ಡಿಎಂಐಗೆ ಚುಚ್ಚಿದೆ. ಅಷ್ಟು ದುಡ್ಡು ಕೊಟ್ಟ ಕಾರ್ಡ್ ಒಳಗೆ ಸುಮ್ನೆ ಕೂತಿತ್ತು.

ಎಲ್ಲ ಲ್ಯಾಗೂ ಮನೆಯದ್ದಲ್ಲ

ಜಿಟಿಎ ಆನ್‌ಲೈನ್ ಆಡಿದವರಿಗೆ ಆ ಲೋಡಿಂಗ್ ಪರದೆ ನೆನಪಿರುತ್ತದೆ. ಕಾಫಿ ಮಾಡಿ ಕುಡಿದು ಲೋಟ ತೊಳೆದಿಡಬಹುದಿತ್ತು. ಎಲ್ಲರೂ ತಮ್ಮ ಸಿಸ್ಟಮನ್ನೇ ಬೈದುಕೊಂಡರು, ಹಾರ್ಡ್ ಡಿಸ್ಕಿನ ಬದಲು ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿದರು. 2021ರಲ್ಲಿ ಹೊರಗಿನ ಒಬ್ಬ ಪ್ರೋಗ್ರಾಮರ್ ಗೇಮ್ ಒಳಗೆ ಇಣುಕಿದ. ಅಂಗಡಿ ಸಾಮಾನಿನ ಸುಮಾರು 10 ಎಂಬಿಯ ಪಟ್ಟಿ ಒಂದಿತ್ತು, ಅದರಲ್ಲಿ 63 ಸಾವಿರ ಐಟಂ. ಒಂದೊಂದು ತುಣುಕು ಓದುವಾಗಲೂ ಗೇಮ್ ಉಳಿದ ಪಟ್ಟಿಯನ್ನೆಲ್ಲ ಕೊನೆತನಕ ಅಳೆಯುತ್ತಿತ್ತು. ಆಮೇಲೆ ಆ ಐಟಂ ಮೊದಲೇ ಬಂದಿದೆಯಾ ಅಂತ ಒಂದೊಂದಾಗಿ ಹುಡುಕುತ್ತಿತ್ತು. ಅವನು ಅದನ್ನು ಸರಿಪಡಿಸಿದಾಗ ಅವನ ಸಿಸ್ಟಮಿನಲ್ಲಿ ಆರು ನಿಮಿಷದ ಕಾಯುವಿಕೆ ಎರಡು ನಿಮಿಷದೊಳಗೆ ಬಂತು. ಗೇಮ್ ಮಾಡಿದ ರಾಕ್‌ಸ್ಟಾರ್ ಕಂಪನಿ ಒಪ್ಪಿಕೊಂಡು ಅವನಿಗೆ 10 ಸಾವಿರ ಡಾಲರ್ ಕೊಟ್ಟು, ಮಾರ್ಚ್‌ನಲ್ಲಿ ಎಲ್ಲರಿಗೂ ಅಪ್‌ಡೇಟ್ ಬಿಟ್ಟಿತು. ಅಷ್ಟರಲ್ಲಿ ವರ್ಷಗಟ್ಟಲೆ ಎಷ್ಟು ಜನ ಎಷ್ಟು ದುಡ್ಡು ಸುರಿದಿದ್ದರೋ.

ಇನ್ನು ನೆಟ್ಟಿನ ವಿಷಯ. ನಮ್ಮ ಹುಡುಗ ವ್ಯಾಲೊರಂಟ್ ಕೂಡ ಆಡುತ್ತಾನೆ. ಅದರ ಸರ್ವರ್, ಅಂದರೆ ಎಲ್ಲರ ಆಟವನ್ನು ನಡೆಸುವ ಕಂಪ್ಯೂಟರ್, ಮುಂಬೈಯಲ್ಲಿದೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕೇ ಬೇಕು. ನಡುವಿನ ರೂಟರುಗಳ ಪಾಲು ಬೇರೆ. ಸಿಂಗಾಪುರದ ಸರ್ವರಿಗೆ ಬಿದ್ದರೆ, ಚೆನ್ನೈಯಿಂದಾಚೆ ಸಮುದ್ರದ ದಾರಿಯೇ ಸುಮಾರು ಮೂರು ಸಾವಿರ ಕಿಲೋಮೀಟರ್. ಅದಕ್ಕೆ 30. ಇದನ್ನು ಯಾವ ಕಾರ್ಡೂ ಕಮ್ಮಿ ಮಾಡಲ್ಲ, ಅಲ್ವಾ?

ಆದರೆ ಅವನ ಪಿಂಗ್, ಅಂದರೆ ಸರ್ವರಿಗೆ ಹೋಗಿ ಬರುವ ಆ ಸಮಯ, ಸಂಜೆ ಏಳರಿಂದ ಒಂಬತ್ತರ ನಡುವೆ ಏರಿಳಿಯುತ್ತಿತ್ತು. ಯಾಕೆ ಅಂತ ಹಾಲಿಗೆ ಬಂದು ನೋಡಿದೆ. ರೂಟರ್ ದೇವರ ಗೂಡಿನ ಪಕ್ಕ. ಸಿಸ್ಟಂ ಹಿಂದಿನ ಕೋಣೆಯಲ್ಲಿ. ನಡುವೆ ಹಳೇ ಕಾಲದ ಎರಡು ದಪ್ಪ ಗೋಡೆ. ಟಿವಿಯಲ್ಲಿ ಅಕ್ಕನ ಸೀರಿಯಲ್ ನೆಟ್ಟಿನಿಂದಲೇ ಬರುತ್ತಿದೆ, ಭಾವನ ಫೋನು ದಿನದ ಫೋಟೋಗಳನ್ನೆಲ್ಲ ಆಗಲೇ ಕ್ಲೌಡಿಗೆ ಏರಿಸುತ್ತಿದೆ. ಲೈನ್ ತುಂಬಿದಾಗ ರೂಟರ್ ಪ್ಯಾಕೆಟ್ಟುಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಸಾಲಾಗಿ ನಿಲ್ಲಿಸುತ್ತದೆ. ಹುಡುಗನ ಪುಟ್ಟ ಪ್ಯಾಕೆಟ್ ಭಾವನ ಫೋಟೋಗಳ ಹಿಂದೆ ಕ್ಯೂ ನಿಂತಿರುತ್ತದೆ. ಕೆಲವು ನೂರು ರೂಪಾಯಿಯ ಲ್ಯಾನ್ ಕೇಬಲ್ ತಂದು ಕಿಟಕಿ ಮೇಲಿಂದ ಎಳೆದೆವು. ಫೋಟೋ ಏರುವುದನ್ನು ರಾತ್ರಿಗೆ ದಾಟಿಸಿದೆವು. ಪಿಂಗ್ ಒಂದು ಕಡೆ ನಿಂತಿತು. ಗೋಡೆ ಮೇಲೆ ಕೇಬಲ್ ಚೆಂದ ಕಾಣಲ್ಲ ಅನ್ನುವ ದೂರು ಇನ್ನೂ ಇದೆ.

ಎಸ್‌ಪಿ ರೋಡಿನ ಮಹಡಿ ಮೇಲೆ

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದು ಶನಿವಾರ ಎಸ್‌ಪಿ ರೋಡಿಗೆ ಹೋದೆ. ಬೇಕಾಗಿದ್ದದ್ದು ಇನ್ನೊಂದು 8 ಜಿಬಿ ಸ್ಟಿಕ್ ಮತ್ತು ಒಂದು ಸಾಟಾ ಎಸ್‌ಎಸ್‌ಡಿ. ಕೆಳಗಿನ ಅಂಗಡಿಗಳಲ್ಲಿ ಹೊಸ ಮಾಲು. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಹಳೇ ಮಾಲು. ಅಲ್ಲಿ ಕನ್ನಡ, ತಮಿಳು, ಹಿಂದಿ, ಉರ್ದು ಎಲ್ಲ ಒಂದೇ ವಾಕ್ಯದಲ್ಲಿ ಬರುತ್ತವೆ.

"ರ‍್ಯಾಮ್ ಕೇಳ್ಬೇಡಿ ಸಾರ್" ಅಂತಲೇ ಮಾತು ಶುರುಮಾಡಿದರು ಅಂಗಡಿಯವರು. "ಬೆಳಿಗ್ಗೆ ಹೇಳಿದ ರೇಟು ಸಂಜೆಗಿಲ್ಲ." ಉತ್ಪ್ರೇಕ್ಷೆ ಇರಲಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹುಚ್ಚು ಹಿಡಿದ ಹಾಗೆ ಏರಿದೆ. ಜಗತ್ತಿನ ರ‍್ಯಾಮ್ ಚಿಪ್ಪಿನ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೇ ಕಂಪನಿ. ಎಐ ಡೇಟಾ ಸೆಂಟರುಗಳು ಕೇಳಿದಷ್ಟು ದುಡ್ಡು ಕೊಡುವಾಗ ನಮ್ಮ ನಿಮ್ಮ ಸ್ಟಿಕ್ ಯಾರಿಗೆ ಬೇಕು? ಮೈಕ್ರಾನ್ ಅಂತೂ ಡಿಸೆಂಬರಿನಲ್ಲಿ ಮನೆಬಳಕೆಯ ಕ್ರೂಷಿಯಲ್ ಬ್ರ್ಯಾಂಡಿನ ವ್ಯಾಪಾರವನ್ನೇ ಮುಚ್ಚುತ್ತೇವೆ ಅಂದುಬಿಟ್ಟಿತು. ಹಳೇ ಡಿಡಿಆರ್4 ಸ್ಟಿಕ್ಕಿಗೂ ಬಿಸಿ ತಟ್ಟಿದೆ. ಡ್ರಾಯರಿನಲ್ಲಿ ಬಿದ್ದಿರುವ ಹಳೇ ಸ್ಟಿಕ್ ಯಾರೂ ಎಸೆಯಬೇಡಿ.

ಪಕ್ಕದಲ್ಲಿ ಒಬ್ಬ ಹುಡುಗ ಕಾರ್ಡ್ ವ್ಯಾಪಾರ ಮಾಡುತ್ತಿದ್ದ. "ಮೈನಿಂಗ್ ಕಾರ್ಡ್ ಅಲ್ಲ ತಾನೆ ಅಣ್ಣ?" "ಇಲ್ಲ ಗುರು, ಮನೇಲಿ ಯೂಸ್ ಮಾಡಿದ್ದು." ಮೈನಿಂಗ್ ಅಂದರೆ ಕಾರ್ಡನ್ನು ಲೆಕ್ಕಕ್ಕೆ ಹಚ್ಚಿ ಕ್ರಿಪ್ಟೋ ದುಡ್ಡು ಗಳಿಸುವುದು. ಎಥೀರಿಯಂ ಅನ್ನುವ ಕ್ರಿಪ್ಟೋ ಜಾಲ 2022ರ ಸೆಪ್ಟೆಂಬರಿನಲ್ಲಿ ಕಾರ್ಡ್ ಬೇಡದ ವಿಧಾನಕ್ಕೆ ಬದಲಾದಾಗ, ಹಗಲೂ ರಾತ್ರಿ ಅದಕ್ಕೆ ದುಡಿದಿದ್ದ ಲೆಕ್ಕವಿಲ್ಲದಷ್ಟು ಕಾರ್ಡುಗಳು ಹಳೇ ಮಾರುಕಟ್ಟೆಗೆ ಬಂದವು. ಅವೆಲ್ಲವೂ ಮನೆಯಲ್ಲಿ ಬಳಸಿದವೇ! ಅಂಗಡಿಯವರು ಆ ಹುಡುಗನಿಗೆ ಕೇಳಿದ ಪ್ರಶ್ನೆಗಳು ಮಾತ್ರ ನನಗೆ ಹಿಡಿಸಿದವು. ಯಾವ ಬೋರ್ಡು? ಎಸ್‌ಎಂಪಿಎಸ್ ಎಷ್ಟು ವ್ಯಾಟು? ಮಾನಿಟರ್ ಯಾವುದು? ಹುಡುಗನಿಗೆ ಗೊತ್ತಿದ್ದದ್ದು ಕಾರ್ಡಿನ ಹೆಸರು ಒಂದೇ.

ಆ ಪ್ರಶ್ನೆಗಳ ಹಿಂದೆ ಅನುಭವ ಇದೆ. ಅಗ್ಗದ ಹೊಸ ಕಾರ್ಡುಗಳು ಕೆಲವು ಹಳೇ ಬೋರ್ಡಿಗೆ ಹೊಂದಲ್ಲ. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಬೋರ್ಡಿನ ಜೊತೆ ನಾಲ್ಕೇ ಲೇನಿನಲ್ಲಿ (ಮಾಹಿತಿ ಓಡುವ ದಾರಿಯಲ್ಲಿ) ಮಾತಾಡುತ್ತದೆ. ಕಾರ್ಡ್ ಕೂರುವ ಸ್ಲಾಟ್ ಹೊಸ ಪಿಸಿಐಇ 4.0 ಆಗಿರುವ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ನಮ್ಮ 3.0 ಬೋರ್ಡಿನಲ್ಲಿ ದಾರಿ ಅರ್ಧಕ್ಕಿಳಿಯುತ್ತದೆ, ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಮುಗ್ಗರಿಸುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡುಗಳು ಸರಿಯಾಗಿ ಓಡಲು, ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಅನ್ನುವ ಸೌಲಭ್ಯ ಬೇಕು. ಹಳೇ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದಿಲ್ಲ. ಅಗ್ಗದ ಕಾರ್ಡ್ ಬೇಕಾಗಿರುವುದು ಹಳೇ ಬೋರ್ಡಿನವರಿಗೆ, ಅದು ಸರಿಯಾಗಿ ಓಡುವುದು ಹೊಸ ಬೋರ್ಡಿನಲ್ಲಿ. ಈ ತಮಾಷೆ ಯಾವ ಡಬ್ಬದ ಮೇಲೂ ಬರೆದಿರಲ್ಲ.

ಸ್ಟಿಕ್ಕು, ಎಸ್‌ಎಸ್‌ಡಿ ಒಯ್ದು ಮೈಸೂರಿನ ಸಿಸ್ಟಮಿಗೆ ಹಾಕಿದೆ. ವಿಂಡೋಸ್ ಹೊಸದಾಗಿ ಎಸ್‌ಎಸ್‌ಡಿಯ ಮೇಲೆ ಕೂರಿಸಿದೆ. ಹಾರ್ಡ್ ಡಿಸ್ಕ್ ಸಿನಿಮಾ, ಫೋಟೋಗಳಿಗೆ ಉಳಿಯಿತು. ಸರಾಸರಿ ಎಫ್‌ಪಿಎಸ್ ಏರಿದ್ದು ಸ್ವಲ್ಪವೇ. ಆ ಕಚ್ಚಿಕೊಂಡು ನಿಲ್ಲುವುದು ಹೆಚ್ಚುಕಮ್ಮಿ ಹೋಯಿತು. ಸ್ಕ್ರೀನ್ ಶೇರ್ ಮಾಡಿದರೆ ಈಗಲೂ ಎಡವುತ್ತದೆ. ನಾಲ್ಕು ಥ್ರೆಡ್ಡಿಗೆ ನಾಲ್ಕೇ ಕೈ.

1151 ಪಿನ್ನಿನ ಕಥೆ

ಇಷ್ಟೆಲ್ಲ ಆದ ಮೇಲೆ ಗೋಡೆಯಂತೆ ಅಡ್ಡ ನಿಂತಿರುವುದು ವೇಗವಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಸುರಕ್ಷತೆಯ ಅಪ್‌ಡೇಟು 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11 ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು. ನಮ್ಮದು ಏಳನೆಯದು. ನಮ್ಮ ಕಾರ್ಡಿನ ಕಂಪನಿ ಎನ್‌ವಿಡಿಯಾ ಕೂಡ 2025ರ ಅದೇ ಅಕ್ಟೋಬರಿನಲ್ಲಿ ಜಿಟಿಎಕ್ಸ್ 10 ಸಾಲಿಗೆ ಹೊಸ ಗೇಮುಗಳ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ನಿಲ್ಲಿಸಿತು. ಸಿಸ್ಟಂ ಓಡುತ್ತಿದೆ, ಕಾಗದದಲ್ಲಿ ರಿಟೈರ್ ಆಗಿದೆ.

ಹಾಗಾದರೆ ಅದೇ ಬೋರ್ಡಿಗೆ ಎಂಟನೇ ತಲೆಮಾರಿನ ಪ್ರೊಸೆಸರ್ ಹಾಕಬಹುದಲ್ಲ ಅಂತ ಹುಡುಗ ಕೇಳಿದ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು ಎರಡಕ್ಕೂ ಎಲ್‌ಜಿಎ 1151. ಪಿನ್ ಸಂಖ್ಯೆ ಒಂದೇ, ಚಿಪ್ ಕೂರುತ್ತದೆ. ಆದರೆ 2017ರ ಕೊನೆಗೆ ಆ ಚಿಪ್ಪುಗಳನ್ನು ಬಿಟ್ಟಾಗ ಇಂಟೆಲ್ 300 ಸಾಲಿನ ಹೊಸ ಬೋರ್ಡ್ ಬೇಕೇ ಬೇಕು ಅಂದಿತು. ಉಳಿದ ಆಯ್ಕೆ ಐ7-7700. ನಾಲ್ಕು ಕೋರ್, ಎಂಟು ಥ್ರೆಡ್. ಒಳ್ಳೆಯದೇ, ಆದರೆ ಈ ಹಳೇ ಬೋರ್ಡುಗಳಿಗೆ ಹೊಂದುವ ಕೊನೆಯ ದೊಡ್ಡ ಚಿಪ್ಪುಗಳಲ್ಲೊಂದು ಆದ್ದರಿಂದ ವಯಸ್ಸಿಗೆ ಮೀರಿದ ಬೆಲೆ ಹೇಳುತ್ತಾರೆ. ಅದು ಹಾಕಿದರೂ ವಿಂಡೋಸ್ 11ರ ಬಾಗಿಲು ತೆರೆಯಲ್ಲ. ಅದೇ 2017ರಲ್ಲಿ ಇಂಟೆಲ್‌ನ ಎದುರಾಳಿ ಎಎಮ್‌ಡಿಯ ಎಎಂ4 ಸಾಕೆಟ್ಟಿನ ಬೋರ್ಡ್ ಕೊಂಡವರ ಅದೃಷ್ಟ ನೋಡಿ. ಬೋರ್ಡಿನೊಳಗಿನ ಸಾಫ್ಟ್‌ವೇರ್ ಬಯೋಸ್ ಅಪ್‌ಡೇಟ್ ಮಾಡಿದರೆ ಆ ಹಳೇ ಬೋರ್ಡುಗಳಲ್ಲಿ ಎಷ್ಟೋ ರೈಜನ್ 5000 ಸಾಲಿನ ಪ್ರೊಸೆಸರನ್ನು ಒಪ್ಪಿಕೊಳ್ಳುತ್ತವೆ. ಬೋರ್ಡ್ ಕೊಳ್ಳುವಾಗ ಇದನ್ನೆಲ್ಲ ಯಾರು ನೋಡಿದ್ದರು?

ಈಗ ನನ್ನ ಲೆಕ್ಕ ಹೀಗಿದೆ. ಹೊಸ ಕಾರ್ಡ್ ಬೇಡ. ಹಳೇ ಮಾರುಕಟ್ಟೆಯಲ್ಲಿ ಎಎಂ4 ಬೋರ್ಡು ಮತ್ತು ರೈಜನ್ 5600 ಒಟ್ಟಿಗೆ ಸಿಕ್ಕರೆ ತಗೊಳ್ಳೋದು. ಈಗಿರುವ ಎರಡು ಸ್ಟಿಕ್ಕೂ, ಎಸ್‌ಎಸ್‌ಡಿಯೂ, ಕಾರ್ಡೂ ಅದಕ್ಕೇ ಹೋಗುತ್ತವೆ. ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಕಡೆ ಈ ವರ್ಷ ತಲೆ ಹಾಕಿ ಮಲಗೋದೂ ಬೇಡ. ಖರ್ಚೇ ಬೇಡ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಲು ಪುಕ್ಕಟೆ ಲಿನಕ್ಸ್ ಇದೆ. ಕೌಂಟರ್-ಸ್ಟ್ರೈಕ್ 2 ಅದರಲ್ಲಿ ನೇರವಾಗಿ ಓಡುತ್ತದೆ. ವ್ಯಾಲೊರಂಟ್ ಓಡಲ್ಲ, ಆಟದಲ್ಲಿ ಮೋಸ ತಡೆಯುವ ಅದರ ವ್ಯಾನ್‌ಗಾರ್ಡ್ ಕಾವಲು ಲಿನಕ್ಸನ್ನು ಒಪ್ಪಲ್ಲ. ಹುಡುಗ ಎರಡನ್ನೂ ಬಿಡಲೊಲ್ಲ. ಅಕ್ಕ ಅಂತೂ ಪಿಯುಸಿ ರಿಸಲ್ಟ್ ನೋಡದೆ ಇನ್ನೊಂದು ಪೈಸೆ ಬಿಚ್ಚಲ್ಲ ಅಂದಿದ್ದಾಳೆ.